ಟೆಂಡರ್ ಅಂದರೆ ಮುಂದೆ ಚಾಚಿದ ಕೈ

ಬ್ಯಾಡಗಿ ಪೇಟೆಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ವ್ಯಾಪಾರ. ಆ ದಿನ ಎಲ್ಲರ ಬಾಯಲ್ಲೂ ಒಂದೇ ಮಾತು: "ಟೆಂಡರ್ ಆತೇನ್ರಿ?" ಇಂಗ್ಲಿಷ್ ಓದದವರಿಗೂ ಗೊತ್ತಿರುವ ಪದ ಇದು. ಆದರೆ ಇದರ ಅರ್ಥವನ್ನು ಪೂರ್ತಿ ತಿಳಿದುಕೊಂಡರೆ ರೈತರಿಗೇ ಲಾಭ.

ಪದದ ಬೇರು ಲ್ಯಾಟಿನ್ ಭಾಷೆಯ 'ತೆಂದೆರೆ'. ಚಾಚು, ಮುಂದೆ ಹಿಡಿ ಅಂತ ಅರ್ಥ. ಟೆಂಡರ್ ಹಾಕುವವರು "ಇಷ್ಟಕ್ಕೆ ತಗೋತೀನಿ, ನೋಡಿ" ಅಂತ ಕೈ ಮುಂದೆ ಮಾಡುತ್ತಾರೆ, ಅಷ್ಟೇ. ವ್ಯಾಪಾರ ಇನ್ನೂ ಕುದುರಿಲ್ಲ.

ದಲಾಲಿ ಅಂಗಡಿ ಮುಂದೆ ಚೀಲಗಳ ಲಾಟ್ ಇರುತ್ತದೆ. ಖರೀದಿದಾರ ಚೀಲದೊಳಗೆ ಕೈ ಇಳಿಸಿ ತಳದ ಕಾಯಿ ತೆಗೆಯುತ್ತಾನೆ. ಡಬ್ಬಿ ತಳಿಯೋ ಕಡ್ಡಿ ತಳಿಯೋ, ಹಸಿ ಎಷ್ಟಿದೆ, ಬಣ್ಣ ಹೇಗಿದೆ ಅಂತ ನೋಡುತ್ತಾನೆ. ಬ್ಯಾಡಗಿ ಕಾಯಿಗೆ ಖಾರಕ್ಕಿಂತ ಬಣ್ಣಕ್ಕೇ ಬೆಲೆ ಜಾಸ್ತಿ ಅಲ್ವಾ. ಆಮೇಲೆ ತನ್ನ ದರ ಬರೆಯುತ್ತಾನೆ. ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ. ಹರಾಜಿನಲ್ಲಾದರೆ ಎಲ್ಲರ ಎದುರು ಕೂಗಿ ಕೂಗಿ ಏರಿಸುತ್ತಾರೆ. ಟೆಂಡರಿನಲ್ಲಿ ಮುಚ್ಚಿಟ್ಟ ಒಂದೇ ಮಾತು. ಎಲ್ಲರಿಗಿಂತ ಜಾಸ್ತಿ ಬರೆದವರಿಗೆ ಲಾಟ್. ಆದರೆ ದರ ಹಿಡಿಸದಿದ್ದರೆ ರೈತ ಬೇಡ ಅನ್ನಬಹುದು. "ಟೆಂಡರ್ ಆಗೇತಿ, ಇನ್ನೇನ್ ಮಾಡೂದು" ಅಂತ ಚೀಲಕ್ಕೆ ಒರಗಿ ಸುಮ್ನೆ ಕೂತವರನ್ನು ಕಂಡಾಗ ಸಂಕಟವಾಗುತ್ತದೆ. ಚಾಚಿದ ಕೈಯನ್ನು ಹಿಡಿಯುವುದು, ಬಿಡುವುದು ಮಾಲು ತಂದವರಿಗೆ ಬಿಟ್ಟದ್ದು.

ರಸ್ತೆ, ಚರಂಡಿ ಕೆಲಸದ ಟೆಂಡರಿನಲ್ಲಿ ಲೆಕ್ಕ ಉಲ್ಟಾ. ಅಲ್ಲಿ ಸರ್ಕಾರ ದುಡ್ಡು ಕೊಡುವ ಕಡೆ ಇರುತ್ತದೆ. ಹಾಗಾಗಿ ಸಾಮಾನ್ಯವಾಗಿ ಕಡಿಮೆ ಬರೆದವರಿಗೆ ಕೆಲಸ.

'ಲೀಗಲ್ ಟೆಂಡರ್' ಅನ್ನುವುದೂ ಇದೇ ಬೇರಿನದು. ಸಾಲ ತೀರಿಸಲು ಮುಂದೆ ಹಿಡಿದಾಗ ಕಾನೂನು ಒಪ್ಪುವ ಹಣ ಅಂತ ಅದರ ಅರ್ಥ. ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ 10 ರೂಪಾಯಿ ನಾಣ್ಯ ಕೊಟ್ಟೆ. "ಇದು ನಡಿಯೂದಿಲ್ರಿ" ಅಂತ ವಾಪಸ್ ಕೊಟ್ಟರು. ನಡೆಯುತ್ತದೆ. 2011ರ ನಾಣ್ಯ ಕಾಯ್ದೆ ಪ್ರಕಾರ 1 ರೂಪಾಯಿ ಮತ್ತು ಅದಕ್ಕಿಂತ ದೊಡ್ಡ ನಾಣ್ಯಗಳು ಒಟ್ಟು 1000 ರೂಪಾಯಿವರೆಗೆ ಲೀಗಲ್ ಟೆಂಡರ್.

ಎಳನೀರಿಗೆ ಇಂಗ್ಲಿಷಿನಲ್ಲಿ 'ಟೆಂಡರ್ ಕೋಕೊನಟ್' ಅನ್ನುತ್ತಾರಲ್ಲ, ಆ ಟೆಂಡರ್ ಬಂದದ್ದು 'ತೆನೆರ್' ಎಂಬ ಇನ್ನೊಂದು ಲ್ಯಾಟಿನ್ ಪದದಿಂದ. ಎಳೆಯದು, ಮೆತ್ತಗಿನದು ಅಂತ ಅರ್ಥ. ಒಂದು ಟೆಂಡರ್ ಚಾಚುವುದು, ಇನ್ನೊಂದು ಎಳೆಯದು. ನಮ್ಮಲ್ಲೂ ಹಾಗೇ ಇದೆ ನೋಡಿ: ಹಗ್ಗ ಎಳೆ ಅಂದರೆ ಒಂದು, ಎಳೆ ಸವತಿಕಾಯಿ ಅಂದರೆ ಇನ್ನೊಂದು.