ದುರ್ಗದ ಕಲ್ಲು ಹವಳದ ತೊಟ್ಟಿಗೆ ಆಗುತ್ತದೆಯೇ?

ಪ್ರಶ್ನೆ: ನಮ್ಮದು ಚಿತ್ರದುರ್ಗ. ಮನೆಯ ಮಹಡಿ ಹತ್ತಿದರೆ ಕೋಟೆ ಕಾಣುತ್ತದೆ. ಎತ್ತ ನೋಡಿದರೂ ಕಲ್ಲೇ ಕಲ್ಲು. 200 ಲೀಟರ್ ಉಪ್ಪುನೀರಿನ ಅಕ್ವೇರಿಯಂ ಮಾಡಿ ಒಂದು ಜೋಡಿ ಕ್ಲೌನ್ ಮೀನು, ಸ್ವಲ್ಪ ಮೃದು ಹವಳ ಸಾಕಬೇಕೆಂದಿದ್ದೇನೆ. ಅದಕ್ಕೆಂದೇ ಮಾರುವ ‘ಡ್ರೈ ರಾಕ್’ ಬೆಲೆ ಕೇಳಿ ಗಾಬರಿಯಾಯಿತು. ಕಲ್ಲಿನ ಊರಿನಲ್ಲಿದ್ದುಕೊಂಡು ಕಲ್ಲಿಗೆ ದುಡ್ಡು ಸುರಿಯಬೇಕೇ? ಇಲ್ಲಿಯ ಕಲ್ಲು ಆಗದೇ? ಆಗದಿದ್ದರೆ ಕೊಳ್ಳುವಾಗ ಏನು ನೋಡಬೇಕು?

ಉತ್ತರ: ಕೊಂಡು ತರುವುದೇ ಸರಿ. ದುರ್ಗದ ಬಂಡೆ ಕೆಟ್ಟದ್ದೆಂದು ಹೇಳುತ್ತಿಲ್ಲ. ಅದು ತೀರ ಗಟ್ಟಿ. ಆ ಗಟ್ಟಿತನವೇ ಇಲ್ಲಿ ಅಡ್ಡಿ. ದಾವಣಗೆರೆಯ ನಮ್ಮ ಮನೆಯಲ್ಲಿ ಹವಳದ ತೊಟ್ಟಿ ಇಟ್ಟು ಏಳು ವರ್ಷವಾಯಿತು. ನೋಡಲು ಬಂದವರು ಮೀನಿನ ಬಗ್ಗೆ ಎರಡು ಮಾತು ಕೇಳಿ, ಮೂರನೆಯದಾಗಿ ಈ ಪ್ರಶ್ನೆಗೇ ಬರುತ್ತಾರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಹವಳದ ತೊಟ್ಟಿಯಲ್ಲಿ ಕಲ್ಲು ಇರುವುದು ಅಂದಕ್ಕಷ್ಟೇ ಅಲ್ಲ. ಮೀನು ವಿಸರ್ಜಿಸಿದ್ದು, ತಿನ್ನದೆ ಉಳಿದು ಕೊಳೆತದ್ದು ಎಲ್ಲವೂ ಅಮೋನಿಯಾ ಆಗುತ್ತದೆ. ಅದು ಅಲ್ಪ ಪ್ರಮಾಣದಲ್ಲಿದ್ದರೂ ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೈಟ್ ಮಾಡುತ್ತದೆ, ಮತ್ತೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವು ನೀರಿನಲ್ಲಿ ತೇಲಿಕೊಂಡು ಬಾಳುವಂಥವಲ್ಲ, ಅಂಟಿಕೊಂಡು ಕೂರಲು ಒಂದು ಮೈ ಬೇಕು. ಕಲ್ಲಿನಲ್ಲಿ ರಂಧ್ರ ಹೆಚ್ಚಿದಷ್ಟೂ ಆ ಮೈ ಹಿಗ್ಗುತ್ತದೆ. ಇನ್ನೂ ಒಳಕ್ಕೆ ಹೋದರೆ, ಆಮ್ಲಜನಕ ತಲುಪದ ಆಳದಲ್ಲಿ ಬೇರೊಂದು ಬಗೆಯ ಬ್ಯಾಕ್ಟೀರಿಯಾ ನೆಲೆಸಿ ನೈಟ್ರೇಟನ್ನು ಸಾರಜನಕ ಅನಿಲವನ್ನಾಗಿ ಮಾಡಿ ನೀರಿನಿಂದಾಚೆಗೆ ಕಳಿಸುತ್ತದೆ. ಅಂದರೆ ನೀವು ಕೊಳ್ಳುತ್ತಿರುವುದು ಕಲ್ಲನ್ನಲ್ಲ, ಅದರೊಳಗಿನ ತೂತುಗಳನ್ನು.

ಇದನ್ನು ಕಣ್ಣಾರೆ ನೋಡಬಹುದು. ಮನೆ ಕಟ್ಟಿದಾಗ ಉಳಿದ ಗ್ರಾನೈಟ್ ಚೂರೊಂದರ ಮೇಲೆ ಒಂದು ಹನಿ ನೀರು ಬಿಡಿ. ಹನಿ ಮುತ್ತಿನಂತೆ ಕುಳಿತಿರುತ್ತದೆ ಅಥವಾ ಪಕ್ಕಕ್ಕೆ ಜಾರುತ್ತದೆ. ಒಳ್ಳೆಯ ಡ್ರೈ ರಾಕ್ ಮೇಲೆ ಬಿಟ್ಟರೆ ಹನಿ ನೆಲ ಕಾಣುವುದರೊಳಗೆ ಇಂಗಿ, ಬರಿಯ ಒದ್ದೆ ಗುರುತು ಉಳಿಯುತ್ತದೆ. ಅದೇ ಕಲ್ಲನ್ನು ಬಕೆಟ್ಟಿನಲ್ಲಿ ಮುಳುಗಿಸಿದರೆ ಹತ್ತಾರು ಕಡೆಯಿಂದ ಸಣ್ಣ ಗುಳ್ಳೆಗಳ ಸಾಲು ಏಳುತ್ತದೆ, ಒಳಗಿದ್ದ ಗಾಳಿ ಹೊರಬರುತ್ತಿರುವುದು. ಒಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಕಿಲೋ ಒಣ ಕಲ್ಲು ತೂಗಿ, ರಾತ್ರಿಯಿಡೀ ನೆನೆಸಿ, ಮೈ ಒರೆಸಿ ಮತ್ತೆ ತೂಗಿದೆ: 150 ಗ್ರಾಂ ಹೆಚ್ಚಿತ್ತು. ಪಕ್ಕದಲ್ಲೇ ನೆನೆದ ಗ್ರಾನೈಟ್ ಚೂರಿಗೆ ತಕ್ಕಡಿಯ ಅಂಕಿ ಕದಲಲೇ ಇಲ್ಲ. ದುರ್ಗದ ಬಂಡೆಯನ್ನು ತೊಟ್ಟಿಗೆ ಹಾಕಿದರೆ ಮೀನು ಸಾಯುವುದಿಲ್ಲ. ಆದರೆ ತೊಟ್ಟಿಯ ಜಾಗ ತುಂಬುತ್ತದೆ, ಗಾಜಿನ ಮೇಲೆ ಭಾರ ಬೀಳುತ್ತದೆ, ಕೆಲಸ ಮಾತ್ರ ಹೊರಮೈಯಷ್ಟೇ. ಇನ್ನು ಕೋಟೆಯ ಆವರಣದ ಕಲ್ಲಂತೂ ಸಂರಕ್ಷಿತ ಸ್ಮಾರಕದ್ದು, ಕೈಹಚ್ಚುವ ಮಾತೇ ಇಲ್ಲ.

ಜಿಲ್ಲೆಯ ಬೇರೆ ಕಲ್ಲುಗಳೆಂದರೆ, ಅಲ್ಲಿ ನಿಜಕ್ಕೂ ಅಪಾಯವಿದೆ. ದುರ್ಗದ ಹತ್ತಿರದ ಇಂಗಳದಾಳಿನಲ್ಲಿ ತಾಮ್ರದ ಗಣಿ ಇತ್ತೆಂಬುದು ನಿಮಗೆ ತಿಳಿದೇ ಇರುತ್ತದೆ. ತಾಮ್ರ ಹವಳಕ್ಕೆ, ಸೀಗಡಿಗೆ, ಬಸವನಹುಳುವಿಗೆ ಮಾರಕ. ಮೀನು ತಡೆದುಕೊಳ್ಳುವ ಪ್ರಮಾಣದಲ್ಲೇ ಅವು ಸಾಯುತ್ತವೆ. ಇಲ್ಲಿ ಒಂದು ಮೋಸವೂ ಇದೆ. ಸುಣ್ಣದ ಕಲ್ಲೋ ಅಲ್ಲವೋ ಎಂದು ತಿಳಿಯಲು ಆ್ಯಸಿಡ್ ಹನಿಸಿ ನೊರೆ ಬರುತ್ತದೆಯೇ ನೋಡಿ ಎಂದು ಎಲ್ಲರೂ ಹೇಳುತ್ತಾರೆ. ತಾಮ್ರದ ಅದಿರಿನ ಮೇಲೆ ಹಸಿರಾಗಿ ಕಟ್ಟುವ ಮ್ಯಾಲಕೈಟ್ ಕೂಡ ಕಾರ್ಬೊನೇಟೇ. ಅದೂ ಆ್ಯಸಿಡ್ಡಿಗೆ ನೊರೆಯುತ್ತದೆ. ನೊರೆ ಬಂದಿತೆಂದು ಹಸಿರು ಕಲೆಯ ಕಲ್ಲನ್ನು ತೊಟ್ಟಿಗಿಳಿಸಿದರೆ ಕಥೆ ಮುಗಿಯಿತು. ಹಸಿರು, ನೀಲಿ ಕಲೆ, ತುಕ್ಕಿನ ಗೆರೆ, ಹಿತ್ತಾಳೆಯಂತೆ ಮಿನುಗುವ ಕಣ ಇವುಗಳಲ್ಲಿ ಯಾವುದು ಕಂಡರೂ ಆ ಕಲ್ಲು ಬೇಡ.

ಎರೆಹೊಲದಲ್ಲಿ ಉಳುವಾಗ ಸಿಗುವ ಸುಣ್ಣದ ಹರಳುಗಳನ್ನು ಒಬ್ಬರು ಚೀಲದಲ್ಲಿ ತಂದು ತೋರಿಸಿದ್ದರು. ಹಿಂದೆ ಅವನ್ನೇ ಸುಟ್ಟು ಸುಣ್ಣ ಮಾಡುತ್ತಿದ್ದರು, ಆದ್ದರಿಂದ ಅವರ ಊಹೆ ತಪ್ಪೇನಲ್ಲ. ಒಂದನ್ನು ಒಡೆದು ನೋಡಿದೆವು: ಒಳಗೆ ಅರ್ಧಕ್ಕರ್ಧ ಜೇಡಿ. ಮೇಲಾಗಿ ಅದು ವರ್ಷ ವರ್ಷವೂ ರಸಗೊಬ್ಬರ ಕುಡಿದ ನೆಲದಿಂದ ಬಂದದ್ದು. ಹವಳದ ತೊಟ್ಟಿಯಲ್ಲಿ ಪಾಚಿ ಹಬ್ಬಿಸುತ್ತದೆಂದು ನಾವು ಅತಿಯಾಗಿ ಹೆದರುವ ಫಾಸ್ಫೇಟ್ ಆ ಗೊಬ್ಬರದಲ್ಲೇ ಇದೆ.

ನಿಮ್ಮದೇ ಜಿಲ್ಲೆಯ ಮರಡಿಹಳ್ಳಿಯ ಬಗ್ಗೆಯೂ ಒಂದು ಮಾತು. ಅಲ್ಲಿನ ದಿಂಬಿನಾಕಾರದ ಲಾವಾ ಶಿಲೆಗಳು ಸುಮಾರು 250 ಕೋಟಿ ವರ್ಷದ ಹಿಂದೆ ನೀರಿನಡಿಯಲ್ಲಿ ಉಕ್ಕಿ ತಣಿದವು. ಈಗ ಬಯಲುಸೀಮೆ ಎನ್ನುವ ಈ ನೆಲ ಆಗ ನೀರಿನ ತಳವಾಗಿತ್ತು ಎಂಬುದನ್ನು ನೆನೆದರೆ ಇಂದಿಗೂ ನನಗೆ ಮೈ ನವಿರೇಳುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ, ಒಂದು ಚೂರನ್ನೂ ತರಬೇಡಿ.

ಈಗ ಕೊಳ್ಳುವ ವಿಚಾರ. ಮೊದಲು ಯಾವುದನ್ನು ಕೊಳ್ಳಬಾರದು ಎಂಬುದು. ಸಮುದ್ರದಿಂದ ತಂದ ‘ಲೈವ್ ರಾಕ್’ ಎಂದು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಬಾಗಿಲಲ್ಲೇ ಬೇಡವೆನ್ನಿ. ಅದು ಬಹುಪಾಲು ಹವಳದ ಅಸ್ಥಿಯೇ. ಬಂಡೆ ಕಟ್ಟುವ ಕಲ್ಲುಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಶೋಕೇಸಿಗೆಂದು ಮಾರುವ ಬಿಳಿ ಹವಳದ ಕೊಂಬೆಗೂ ಇದೇ ಮಾತು. ಕಾನೂನು ಬದಿಗಿರಲಿ, ಸಮುದ್ರದ ಮೇಲಿನ ಪ್ರೀತಿಯಿಂದ ತೊಟ್ಟಿ ಮಾಡುವವರು ಸಮುದ್ರವನ್ನೇ ಒಡೆದು ತಂದರೆ ಆ ಪ್ರೀತಿ ಎಂಥದ್ದು?

ಕೊಳ್ಳಬಹುದಾದದ್ದು ಎರಡು ಬಗೆ. ಒಂದು, ಪುರಾತನ ಹವಳದ ಬಂಡೆಗಳು ನೆಲವಾಗಿ ಉಳಿದ ಕಡೆ ಗಣಿಯಿಂದ ತೆಗೆದ ಸುಣ್ಣದ ಕಲ್ಲು. ಅಮೆರಿಕದ ಫ್ಲೋರಿಡಾದಲ್ಲಿ ಇಂಥ ಗಣಿಗಳಿವೆ. ಇನ್ನೊಂದು, ಸಿಮೆಂಟು ಮತ್ತು ಅರಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ ಒಂದು ರೂಪ) ಪುಡಿಯಿಂದ ಎರಕ ಹೊಯ್ದದ್ದು. ಎರಡರಲ್ಲೂ ಏಡಿ, ಹುಳು, ಏಪ್ಟೇಸಿಯಾದಂತಹ (ಬೇಗ ಹಬ್ಬಿ ಹವಳವನ್ನು ಕುಟುಕುವ ಕಡಲ ಹೂ) ಕಾಟಗಳು ಜೊತೆಗೆ ಬರುವುದಿಲ್ಲ. ಅಂಗಡಿಯಲ್ಲಿ ಕಲ್ಲನ್ನು ಎತ್ತಿ ನೋಡಿ: ನೋಟಕ್ಕೆ ದೊಡ್ಡದಾಗಿದ್ದು ಕೈಗೆ ಹಗುರವೆನಿಸಬೇಕು. ಮೂಸಿ ನೋಡಿ: ಕೊಳೆತ ವಾಸನೆ ಇದ್ದರೆ ಒಳಗೆ ಸತ್ತ ಜೀವಿಗಳಿವೆ. ದುಂಡು ಕಲ್ಲಿಗಿಂತ ಚಪ್ಪಟೆ, ಕವಲು, ಕಮಾನಿನ ಆಕಾರದವು ಲಾಭ. ದುಂಡು ಕಲ್ಲುಗಳನ್ನು ಪೇರಿಸಿದರೆ ಹಣ್ಣಿನಂಗಡಿಯ ರಾಶಿಯಂತೆ ಕಾಣುತ್ತದೆ, ನೀರೂ ಒಳಗೆ ಓಡಾಡುವುದಿಲ್ಲ. ಬೇರೆಯವರು ಬಳಸಿದ ಕಲ್ಲು ಅಗ್ಗಕ್ಕೆ ಸಿಕ್ಕರೆ ಒಂದೇ ಪ್ರಶ್ನೆ ಕೇಳಿ: ಆ ತೊಟ್ಟಿಗೆ ಎಂದಾದರೂ ತಾಮ್ರದ ಔಷಧಿ ಹಾಕಿದ್ದರೇ? ಹಾಕಿದ್ದರೆ ಬಿಟ್ಟಿ ಕೊಟ್ಟರೂ ಬೇಡ, ಕಲ್ಲು ತಾಮ್ರವನ್ನು ಹೀರಿಟ್ಟುಕೊಂಡಿರುತ್ತದೆ.

ಲೀಟರಿಗೆ 120 ಗ್ರಾಂ ಎಂಬ ಹಳೆಯ ಲೆಕ್ಕದಂತೆ ನಿಮ್ಮ ತೊಟ್ಟಿಗೆ 24 ಕಿಲೋ ಆಗುತ್ತದೆ. ಅಷ್ಟು ಬೇಡ. ರಂಧ್ರ ಹೆಚ್ಚಿರುವ ಕಲ್ಲಾದರೆ 12ರಿಂದ 15 ಕಿಲೋ ಸಾಕು, ಬೆಲೆಯ ಗಾಬರಿಯೂ ಅರ್ಧ ಇಳಿಯುತ್ತದೆ.

ಸುಣ್ಣದ ಕಲ್ಲು ಹಾಕಿದರೆ ನೀರಿನ ಪಿಎಚ್ ತಾನಾಗಿ ನಿಲ್ಲುತ್ತದೆ ಎಂಬ ನಂಬಿಕೆ ಬಲವಾಗಿದೆ. ಅದು ಸರಿಯಲ್ಲ. ಪಿಎಚ್ 8.1ರಿಂದ 8.4ರವರೆಗಿನ ಸಮುದ್ರದ ನೀರಿನಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗಲೇ ತುಂಬಿ ತುಳುಕುತ್ತಿರುತ್ತದೆ, ಕಲ್ಲು ಕರಗಲು ಅಲ್ಲಿ ಎಡೆಯೇ ಇಲ್ಲ. ಕ್ಯಾಲ್ಸಿಯಂ, ಕ್ಷಾರತೆಯ ಕೊರತೆಯನ್ನು ನೀವೇ ಅಳೆದು ತುಂಬಬೇಕು.

ನನ್ನ ಮೊದಲ ತೊಟ್ಟಿ ಹಾಳಾದದ್ದು ಕಲ್ಲಿನ ಆಯ್ಕೆಯಿಂದಲ್ಲ, ಆತುರದಿಂದ. ಪೆಟ್ಟಿಗೆ ಬಂದ ಸಂಜೆಯೇ ಕಲ್ಲನ್ನು ನಲ್ಲಿಯಡಿ ತೊಳೆದು ಜೋಡಿಸಿಬಿಟ್ಟೆ. ಎರಡು ತಿಂಗಳಿಗೆ ಕಲ್ಲಿನ ತುಂಬ ಹಸಿರು ಪಾಚಿ, ಬದುವಿನ ಮೇಲೆ ಗರಿಕೆ ಹಬ್ಬಿದಂತೆ. ಪ್ರತಿ ಭಾನುವಾರ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕುತ್ತಿದ್ದೆ. ವಿಚಿತ್ರವೆಂದರೆ ನೀರು ಪರೀಕ್ಷಿಸಿದರೆ ಫಾಸ್ಫೇಟ್ ಸೊನ್ನೆ. ಕಾರಣ ಆಮೇಲೆ ತಿಳಿಯಿತು. ಫಾಸ್ಫೇಟ್ ಸುಣ್ಣದ ಕಲ್ಲಿನ ಮೈಗೆ ಅಂಟಿಕೊಂಡಿರುತ್ತದೆ. ನೀರಿನಲ್ಲಿ ಅದು ಕಡಿಮೆಯಾದಂತೆಲ್ಲ ಕಲ್ಲು ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ, ಬಿಟ್ಟ ಕೂಡಲೇ ಪಾಚಿ ನುಂಗುತ್ತದೆ. ನೀರಿಗೆ ಬಂದದ್ದು ನಮ್ಮ ಲೆಕ್ಕಕ್ಕೆ ಸಿಗುವುದೇ ಇಲ್ಲ.

ಆದ್ದರಿಂದ ಕಲ್ಲನ್ನು ಹದ ಮಾಡಿ. ದೊಡ್ಡ ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಉಪ್ಪುನೀರು ತುಂಬಿ ಕಲ್ಲು ಮುಳುಗಿಸಿ, ನೀರು ತಿರುಗಿಸಲು ಒಂದು ಸಣ್ಣ ಪಂಪ್ ಹಾಕಿ, ಬೆಳಕು ಬೀಳದಂತೆ ಮುಚ್ಚಿಡಿ. ಕತ್ತಲಲ್ಲಿ ಪಾಚಿ ಬೆಳೆಯುವುದಿಲ್ಲ, ಹಾಗಾಗಿ ಫಾಸ್ಫೇಟಿನ ನಿಜವಾದ ಅಂಕಿ ಸಿಗುತ್ತದೆ. ವಾರಕ್ಕೊಮ್ಮೆ ಅಳೆಯಿರಿ, ಹೆಚ್ಚಿದ್ದರೆ ನೀರು ಬದಲಿಸಿ. ನೀರು ಬದಲಿಸದೆಯೂ 0.1 ಪಿಪಿಎಂಗಿಂತ (ಲೀಟರಿಗೆ 0.1 ಮಿಲಿಗ್ರಾಂ) ಕೆಳಗೆ ನಿಂತರೆ ಕಲ್ಲು ಸಿದ್ಧ. ಕೆಲವಕ್ಕೆ ಮೂರು ವಾರ, ಕೆಲವಕ್ಕೆ ಮೂರು ತಿಂಗಳು. ನೀರು ಮಾತ್ರ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಸೊನ್ನೆ ತೋರಿಸುವ ಶುದ್ಧ ಆರ್‌ಒ–ಡಿಐ (ಸೋಸಿ, ಅಯಾನುಗಳನ್ನೂ ತೆಗೆದ) ನೀರಾಗಿರಲಿ. ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು, ದುರ್ಗದ ಹಲವೆಡೆ ಫ್ಲೋರೈಡ್ ಕೂಡ ಇದೆ.

ಆ್ಯಸಿಡ್ಡಿನಲ್ಲಿ ಅದ್ದಿದರೆ ಹೊರಪದರ ಕರಗಿ ಬೇಗ ಶುದ್ಧವಾಗುತ್ತದೆ, ನಿಜ. ಮಕ್ಕಳಿರುವ ಮನೆಯಲ್ಲಿ ನಾನು ಇದನ್ನು ಸೂಚಿಸುವುದಿಲ್ಲ. ಮಾಡಲೇಬೇಕೆಂದರೆ ಬಯಲಿನಲ್ಲಿ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಹತ್ತು ಪಾಲು ನೀರಿಗೆ ಒಂದು ಪಾಲು ಆ್ಯಸಿಡ್ ಸುರಿಯಬೇಕು. ಆ್ಯಸಿಡ್ಡಿಗೆ ನೀರು ಸುರಿಯಬಾರದು. ಹತ್ತಿರದಲ್ಲಿ ಬ್ಲೀಚ್ ಇರಲೇಬಾರದು, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ.

ದುಡ್ಡು ಉಳಿಸಲೇಬೇಕೆಂದರೆ ನಿಮ್ಮೂರಿನಲ್ಲೇ ಸಿಗುವ ವಸ್ತುಗಳಿಂದ ಕಲ್ಲು ಮಾಡಿಕೊಳ್ಳಬಹುದು. ಒಂದು ಪಾಲು ಸಿಮೆಂಟು, ಕೋಳಿ ಆಹಾರದ ಅಂಗಡಿಯಲ್ಲಿ ಸಿಗುವ ಚಿಪ್ಪಿನ ಚೂರು ಎರಡು ಪಾಲು, ಹರಳುಪ್ಪು ಎರಡು ಪಾಲು. ನೀರು ಆದಷ್ಟು ಕಡಿಮೆ ಹಾಕಿ ಕಲಸಿ, ಒದ್ದೆ ಮರಳಿನ ಗುಂಡಿಯಲ್ಲಿ ಬೇಕಾದ ಆಕಾರಕ್ಕೆ ಎರಕ ಹೊಯ್ಯಿರಿ. ನೀರಿನಲ್ಲಿ ಉಪ್ಪು ಕರಗಿಹೋದ ಜಾಗವೇ ರಂಧ್ರ. ತಾರಸಿಗೆ ನೀರು ಕಟ್ಟುವುದನ್ನು ಕಂಡವರಿಗೆ ಮುಂದಿನದು ಗೊತ್ತು, ಇಲ್ಲಿ ಅದು ಇನ್ನೂ ದೀರ್ಘ. ಸಿಮೆಂಟಿನ ಕ್ಷಾರ ನೀರಿನ ಪಿಎಚ್ಚನ್ನು ವಿಪರೀತ ಏರಿಸುತ್ತದೆ. ನೀರು ಬದಲಿಸುತ್ತ ಒಂದೆರಡು ತಿಂಗಳು ನೆನೆಸಿ, ಹೊಸ ನೀರಿನಲ್ಲಿ ಕೆಲವು ದಿನ ಇಟ್ಟರೂ ಪಿಎಚ್ 8.5 ದಾಟದೆ ಉಳಿದ ಮೇಲೆಯೇ ತೊಟ್ಟಿಗೆ.

ಜೋಡಣೆಯಲ್ಲಿ ಮಾತ್ರ ನಿಮಗೆ ನನಗಿಲ್ಲದ ಅನುಕೂಲವಿದೆ. ಒಂದು ಬೆಳಗ್ಗೆ ಕೋಟೆಗೆ ಹೋಗಿ ಬಂಡೆಗಳು ಹೇಗೆ ಕುಳಿತಿವೆ ಎಂದಷ್ಟೇ ನೋಡಿ ಬನ್ನಿ. ಭಾರಿ ಬಂಡೆ ಎರಡೇ ಕಡೆ ಊರಿ ನಿಂತಿರುತ್ತದೆ, ಕೆಳಗೆ ನೆರಳು, ಆಚೆ ಬೆಳಕು. ಒಂದು ಮಗ್ಗುಲಲ್ಲಿ ಬಂಡೆಗಳ ಗುಂಪು, ಇನ್ನೊಂದು ಕಡೆ ಬರಿಯ ಆಕಾಶ. ತೊಟ್ಟಿಯಲ್ಲೂ ಹಾಗೆ ಒಂದು ಗುಡ್ಡ ದೊಡ್ಡದು, ಒಂದು ಚಿಕ್ಕದು, ನಡುವೆ ಖಾಲಿ ಬಯಲು ಇರಲಿ. ಒಬ್ಬರು ಮಾತ್ರ ನುಸುಳಬಹುದಾದ ಓಬವ್ವನ ಕಿಂಡಿಯನ್ನು ಕಂಡಿದ್ದೀರಲ್ಲ, ಮೀನಿಗೆ ಬೇಕಾದದ್ದು ಅಂಥದ್ದೇ: ಬೆನ್ನಟ್ಟಿ ಬಂದವನು ದೊಡ್ಡವನಾದರೆ ಒಳಗೆ ಬರಲಾಗದಷ್ಟು ಇಕ್ಕಟ್ಟಾದ ಕಿಂಡಿಗಳು. ಒಂದು ವ್ಯತ್ಯಾಸವಿರಲಿ. ಪ್ರತಿ ಕಿಂಡಿಗೂ ಎರಡು ಬಾಯಿ ಇರಬೇಕು, ಇಲ್ಲದಿದ್ದರೆ ಒಳಗೆ ನೀರು ನಿಂತು ಕಸ ಕೂರುತ್ತದೆ.

ತೊಟ್ಟಿಯ ಅಡಿಯಷ್ಟೇ ಅಳತೆಯ ರಟ್ಟು ಕತ್ತರಿಸಿ, ಅದರ ಮೇಲೆ ಕಲ್ಲನ್ನು ಒಣಗಿದ್ದಾಗಲೇ ಜೋಡಿಸಿ ನೋಡಿ. ವಾರವಿಡೀ ನಡುಮನೆಯಲ್ಲಿರಲಿ, ಹೋಗುವಾಗ ಬರುವಾಗ ಕಣ್ಣು ತಪ್ಪನ್ನು ತಾನೇ ಹಿಡಿಯುತ್ತದೆ. ನಾಲ್ಕೂ ಗಾಜಿನಿಂದ ಕನಿಷ್ಠ ಐದು ಸೆಂಟಿಮೀಟರ್ ದೂರವಿರಲಿ, ಎತ್ತರ ನೀರಿನ ಮೂರನೆಯ ಎರಡು ಭಾಗ ಮೀರದಿರಲಿ. ಕೂಡಿಸಲು ಜೆಲ್ ರೂಪದ ಸೂಪರ್ ಗ್ಲೂ ಮತ್ತು ಎಪಾಕ್ಸಿ ಪುಟ್ಟಿ ಎರಡನ್ನೂ ಬಳಸಿ, ಒಂದೇ ಆದರೆ ಭಾರ ತಾಳುವುದಿಲ್ಲ. ಭಾರದ ಕಡೆ ತೂತು ಕೊರೆದು ಅಕ್ರಿಲಿಕ್ ಕಡ್ಡಿ ಸೇರಿಸಿ. ಕಬ್ಬಿಣದ ಸರಳು, ಕಟ್ಟು ತಂತಿ ಖಂಡಿತ ಬೇಡ. ಮೊದಲು ಕಲ್ಲನ್ನು ತಳದ ಮೇಲೆ ಊರಿ, ಆಮೇಲೆ ಮರಳು ಹಾಕಿ. ಮರಳಿನ ಮೇಲೆ ಕಲ್ಲಿಟ್ಟರೆ, ಬಿಲ ತೋಡುವ ಮೀನು ಒಂದು ರಾತ್ರಿಯಲ್ಲಿ ಇಡೀ ಗುಡ್ಡವನ್ನು ಗಾಜಿಗೆ ಕೆಡವಬಲ್ಲದು.

ನೀರು ತುಂಬಿದ ಮೇಲೆ ಬಿಳಿ ಕಲ್ಲಿಗೆ ಕಂದು ಲೇಪ ಹತ್ತುತ್ತದೆ. ಅದು ಡಯಾಟಂ ಎಂಬ ಸೂಕ್ಷ್ಮ ಪಾಚಿ, ಬಂದು ಹೋಗುತ್ತದೆ. ಹೆದರಿ ಕಲ್ಲು ಕಿತ್ತು ತೊಳೆಯಬೇಡಿ. ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಎಂಟು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದು ಒಂದು ವಾರ ಹಾಗೆಯೇ ನಿಂತ ಮೇಲೆ ಕ್ಲೌನ್ ಜೋಡಿಯನ್ನು ಬಿಡಿ. ಮೃದು ಹವಳಕ್ಕೆ ಅಲ್ಲಿಂದ ಇನ್ನೂ ಎರಡು ತಿಂಗಳು ಕಾಯಿರಿ.