ಶಾರ್ಕ್ ಹೊಟ್ಟೆಯೊಳಗಿನ ಕಥೆ

ಶಾರ್ಕ್ ಅಂದ ತಕ್ಷಣ ಎಲ್ಲರೂ ಹಲ್ಲಿನ ಬಗ್ಗೆಯೇ ಮಾತಾಡುತ್ತಾರೆ. ನನ್ನನ್ನು ಕೇಳಿದರೆ, ಅದರ ಹಲ್ಲಿಗಿಂತ ಬಸಿರೇ ಜಾಸ್ತಿ ವಿಚಿತ್ರ.

ಹೆಚ್ಚಿನ ಮೀನುಗಳು ಸಾವಿರಾರು ಮೊಟ್ಟೆಗಳನ್ನು ನೀರಿಗೆ ಬಿಟ್ಟು ತಮ್ಮ ಪಾಡಿಗೆ ಹೋಗುತ್ತವೆ. ಗಂಡಿನ ವೀರ್ಯ ಅವುಗಳನ್ನು ಸೇರುವುದು ಹೊರಗೆ, ನೀರಿನಲ್ಲಿ. ಶಾರ್ಕ್ ಹಾಗಲ್ಲ. 500ಕ್ಕೂ ಹೆಚ್ಚು ಬಗೆಯ ಶಾರ್ಕ್‌ಗಳಿವೆ, ಎಲ್ಲದರಲ್ಲೂ ಗರ್ಭ ಕಟ್ಟುವುದು ಹೆಣ್ಣಿನ ಒಳಗೇ. ಅಲ್ಲಿಂದ ಮುಂದೆ ಒಂದೊಂದರದು ಒಂದೊಂದು ದಾರಿ.

ಆಸ್ಟ್ರೇಲಿಯಾದ ಪೋರ್ಟ್ ಜಾಕ್ಸನ್ ಶಾರ್ಕ್ ಮೊಟ್ಟೆ ಇಡುತ್ತದೆ. ಮೊಟ್ಟೆಯ ಗಟ್ಟಿ ಕವಚಕ್ಕೆ ತಿರುಪಿನಂಥ ಸುತ್ತುಗಳಿರುತ್ತವೆ. ಬಂಡೆಯ ಸಂದಿಯಲ್ಲಿ ಒಮ್ಮೆ ಸಿಕ್ಕಿಕೊಂಡರೆ ಅಲೆಗೂ ಜಗ್ಗುವುದಿಲ್ಲ. ಮರಿ ಹೊರಬರಲು ಸುಮಾರು ಒಂದು ವರ್ಷ ಬೇಕು.

ಸ್ಯಾಂಡ್ ಟೈಗರ್ ಶಾರ್ಕ್‌ನದು ಬೇರೆಯೇ ಕಥೆ. ಇದಕ್ಕೆ ಎರಡು ಗರ್ಭಕೋಶ. ಎರಡರಲ್ಲೂ ಹಲವು ಭ್ರೂಣಗಳು ಬೆಳೆಯಲು ಶುರುವಾಗುತ್ತವೆ. ಮೊದಲು ದೊಡ್ಡದಾದದ್ದಕ್ಕೆ ಅಲ್ಲೇ ಹಲ್ಲು ಬರುತ್ತದೆ. ಅದು ಒಡಹುಟ್ಟಿದವನ್ನೆಲ್ಲ ತಿಂದು, ಆಮೇಲೆ ತಾಯಿ ಬಿಡುವ, ಗರ್ಭ ಕಟ್ಟದ ಮೊಟ್ಟೆಗಳನ್ನು ತಿನ್ನುತ್ತಾ ಬೆಳೆಯುತ್ತದೆ. ಕೊನೆಗೆ ಹುಟ್ಟುವುದು ಒಂದೊಂದು ಗರ್ಭಕೋಶದಿಂದ ಒಂದೊಂದೇ ಮರಿ, ಹೆಚ್ಚುಕಡಿಮೆ ಒಂದು ಮೀಟರ್ ಉದ್ದದ್ದು. 1940ರ ದಶಕದಲ್ಲಿ ಅಮೆರಿಕದ ಶಾರ್ಕ್ ತಜ್ಞ ಸ್ಟೀವರ್ಟ್ ಸ್ಪ್ರಿಂಗರ್ ಬಸಿರಾಗಿದ್ದ ಒಂದು ಶಾರ್ಕ್‌ನೊಳಗೆ ಕೈ ಹಾಕಿದಾಗ, ಇನ್ನೂ ಹುಟ್ಟದ ಮರಿ ಅವರನ್ನು ಕಚ್ಚಿತ್ತು! ದಕ್ಷಿಣ ಆಫ್ರಿಕಾದ ಶಾರ್ಕ್‌ಗಳ ಡಿಎನ್‌ಎ ನೋಡಿದ 2013ರ ಅಧ್ಯಯನದಲ್ಲಿ ಇನ್ನೊಂದು ಸಂಗತಿ ಸಿಕ್ಕಿತು. ಹೆಣ್ಣು ಹಲವು ಗಂಡುಗಳನ್ನು ಕೂಡಿದ್ದರೂ, ಉಳಿದುಕೊಂಡ ಎರಡು ಮರಿಗಳಿಗೆ ಎಷ್ಟೋ ಸಲ ಅಪ್ಪ ಒಬ್ಬನೇ. ಗಂಡುಗಳ ಪೈಪೋಟಿ ಗರ್ಭದೊಳಗೂ ಮುಂದುವರಿಯುತ್ತದೆ ಅಂತಾಯಿತು, ಅಲ್ವಾ?

ಗಂಡೇ ಇಲ್ಲದೆ ಮರಿ ಹುಟ್ಟಿದ್ದೂ ಇದೆ. 2001ರಲ್ಲಿ ಅಮೆರಿಕದ ನೆಬ್ರಾಸ್ಕಾದ ಒಂದು ಮೃಗಾಲಯದಲ್ಲಿ, ಬರೀ ಹೆಣ್ಣು ಬಾನೆಟ್‌ಹೆಡ್ ಶಾರ್ಕ್‌ಗಳಿದ್ದ ತೊಟ್ಟಿಯಲ್ಲಿ ಒಂದು ಮರಿ ಕಾಣಿಸಿತು. ಅದಕ್ಕೆ ಅಪ್ಪನೇ ಇಲ್ಲ ಎಂದು ಡಿಎನ್‌ಎ ಪರೀಕ್ಷೆ ಹೇಳಿತು.

ನನಗೆ ತುಂಬಾ ಇಷ್ಟವಾದದ್ದು ಮಾತ್ರ ನಮ್ಮ ಅರಬ್ಬಿ ಸಮುದ್ರದ ಒಂದು ಪುಟ್ಟ ತಾಟೆ (ಕರಾವಳಿಯಲ್ಲಿ ಶಾರ್ಕ್‌ಗೆ ಹೇಳುವ ಹೆಸರು), ಸ್ಕೋಲಿಯೋಡಾನ್. ಪ್ರಾಣಿಶಾಸ್ತ್ರ ಓದಿದವರು ಡಿಗ್ರಿ ಪ್ರಾಕ್ಟಿಕಲ್‌ನಲ್ಲಿ ಇದರ ಹೆಸರು ಕೇಳಿರುತ್ತಾರೆ, ಕುಯ್ದೂ ಇರಬಹುದು. ಇದರ ಮೊಟ್ಟೆ ಸಾಸಿವೆ ಕಾಳಿನಷ್ಟು, ಸುಮಾರು 1 ಮಿಲಿಮೀಟರ್. ಅದರೊಳಗೆ ಮರಿಗೆ ಬೇಕಾದ ಆಹಾರದ ಭಂಡಾರ ಇಲ್ಲವೇ ಇಲ್ಲ ಅನ್ನಬಹುದು. ಹಾಗಾಗಿ ಬಹಳ ಬೇಗ ಮಾಸು ಕಟ್ಟಿಕೊಳ್ಳುತ್ತದೆ. ಹೌದು, ಬಾಣಂತಿಯರ ವಿಷಯದಲ್ಲಿ ನಾವು ಹೇಳುವ ಮಾಸೇ. ಹೊಕ್ಕುಳಬಳ್ಳಿಯ ಮೂಲಕ ತಾಯಿಯಿಂದ ಮರಿಗೆ ಆಹಾರ. ಮೀನುಗಳಲ್ಲಿ ಇಷ್ಟು ಮುಂದುವರಿದ ಮಾಸು ಬೇರೆ ಯಾವುದಕ್ಕೂ ಇಲ್ಲ ಎನ್ನುತ್ತಾರೆ.

ಸ್ಪೈನಿ ಡಾಗ್‌ಫಿಶ್ ಎಂಬ ಶಾರ್ಕ್ ಸುಮಾರು ಎರಡು ವರ್ಷ ಬಸಿರು ಹೊರುತ್ತದೆ. ಗ್ರೀನ್‌ಲ್ಯಾಂಡ್ ಶಾರ್ಕ್‌ನ ಹೆಣ್ಣು ಮರಿ ಹಾಕುವಷ್ಟು ಬೆಳೆಯಲು ಸುಮಾರು 150 ವರ್ಷ ಬೇಕು ಎಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ಇಂಥವನ್ನು ಜಾಸ್ತಿ ಹಿಡಿದರೆ ಸಂಖ್ಯೆ ಮತ್ತೆ ತುಂಬಲು ತಲೆಮಾರುಗಳೇ ಬೇಕು. ಸ್ಕೋಲಿಯೋಡಾನ್ ಹುಟ್ಟಿದ ಒಂದೆರಡು ವರ್ಷಕ್ಕೇ ಬಸಿರಿಗೆ ಸಿದ್ಧ, ಒಂದು ಸಲಕ್ಕೆ ಹತ್ತಕ್ಕೂ ಹೆಚ್ಚು ಮರಿ ಹಾಕಬಲ್ಲದು. ಟ್ರಾಲ್ ಬಲೆಗಳಿಗೆ ಅಷ್ಟೊಂದು ಸಿಕ್ಕಿಯೂ ಪಶ್ಚಿಮ ಕರಾವಳಿಯ ಮೀನು ಮಾರುಕಟ್ಟೆಗೆ ಅದು ಇನ್ನೂ ಬರುತ್ತಿರುವುದಕ್ಕೆ ಇದೂ ಒಂದು ಕಾರಣ.