ಸ್ಫೂರ್ತಿ ಕೇಳಬೇಡಿ, ಕೆಲಸ ಕೇಳಿ

ಜನರ ಕತೆ ದಾಖಲಿಸೋಕೆ ಹೊಸದಾಗಿ ಹೊರಟವರ ಬಾಯಲ್ಲಿ ಸಾಮಾನ್ಯವಾಗಿ ಬರುವ ಮೊದಲ ಪ್ರಶ್ನೆ: 'ಇದಕ್ಕೆಲ್ಲ ನಿಮಗೆ ಸ್ಫೂರ್ತಿ ಏನು?' ಎದುರಿಗಿದ್ದವರು ಸಂಕೋಚದಿಂದ 'ಏನೋ, ಮಾಡಬೇಕು ಅನ್ನಿಸ್ತು' ಅಂತಾರೆ. ಇಲ್ಲವೇ ಭಾಷಣ ಶುರು ಮಾಡ್ತಾರೆ. ಎರಡರಲ್ಲೂ ಕತೆ ಸಿಗುವುದಿಲ್ಲ.

ಮೊದಲ ದಿನ ಏನು ಮಾಡಿದಿರಿ, ಯಾರು ಬೇಡ ಅಂದರು, ಏನು ಕೆಟ್ಟುಹೋಯ್ತು ಅಂತ ಕೇಳಿ.

ಸಾಲುಮರದ ತಿಮ್ಮಕ್ಕ ಅಂದರೆ ಎಲ್ಲರೂ 385 ಆಲದ ಮರ, 2019ರ ಪದ್ಮಶ್ರೀ ಅಂತಾರೆ. ಅಂಕಿ ಕೇಳಿ ಕೈ ಮುಗಿಯಬಹುದು, ಅಷ್ಟೇ. ಗಂಡ ಹೆಂಡತಿ ಸೇರಿ ದೂರದಿಂದ ನೀರು ಹೊತ್ತು ತಂದರು, ದನ ಮೇಯದ ಹಾಗೆ ಸಸಿಗೆ ಮುಳ್ಳಿನ ಬೇಲಿ ಕಟ್ಟಿದರು ಅಂದಾಗ ಮಾತ್ರ ಕೇಳುವವರಿಗೆ ಆ ದಾರಿ ಕಾಣುತ್ತೆ. ಮರಳುದಿಬ್ಬದಲ್ಲಿ ಕಾಡು ಬೆಳೆಸಿದ ಅಸ್ಸಾಮಿನ ಜಾದವ್ ಪಾಯೆಂಗ್ ಕತೆಯೂ ಹೀಗೆಯೇ. 1979ರಲ್ಲಿ ನೆರೆ ಇಳಿದ ಮೇಲೆ, ನೆರಳಿಲ್ಲದ ಬ್ರಹ್ಮಪುತ್ರದ ಮರಳುದಿಬ್ಬದ ಮೇಲೆ ಬಿಸಿಲಿಗೆ ಸತ್ತ ಹಾವುಗಳನ್ನು ಕಂಡರು. ಮೊದಲು ನೆಟ್ಟಿದ್ದು ಬಿದಿರು. ಬಿದಿರೇ ಯಾಕೆ? ಬರೀ ಮರಳಲ್ಲಿ ಬೇರೆ ಮರ ಹಿಡಿಯೋದು ಕಷ್ಟ. ಈ 'ಯಾಕೆ' ಇಲ್ಲದಿದ್ದರೆ ಉಳಿಯೋದು ಸುಮ್ನೆ ಹೊಗಳಿಕೆ.

'ಹೇಳಿ' ಅನ್ನೋದಕ್ಕಿಂತ 'ತೋರಿಸಿ' ಅನ್ನೋದು ಜಾಸ್ತಿ ಕೆಲಸ ಮಾಡುತ್ತೆ. ಬಲೆ ಹೆಣೆಯುವವರನ್ನು ಬಲೆ ಬಗ್ಗೆ ಕೇಳಿದರೆ ಎರಡು ಮಾತಲ್ಲಿ ಮುಗಿಸುತ್ತಾರೆ. ಒಂದು ಗಂಟು ಹಾಕಿ ತೋರಿಸಿ ಅಂದರೆ, ನೂಲನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಕೂರುತ್ತಾರೆ. ಕೈ ಓಡುತ್ತಿದ್ದ ಹಾಗೆ ಮಾತೂ ಬರುತ್ತೆ: ಯಾರು ಕಲಿಸಿದರು, ಮೊದಲು ಯಾವ ಮೀನು ಸಿಗುತ್ತಿತ್ತು, ಈಗ ಯಾಕೆ ಸಿಗಲ್ಲ. ಜಾಗ, ಮನುಷ್ಯ, ನದಿ ಮೂರೂ ಒಂದೇ ಗಂಟಲ್ಲಿ ಬಂದವು ಅಲ್ವಾ? ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಮುಖ್ಯವಾದದ್ದು ಎಷ್ಟೋ ಸಲ ಆ ಮೌನದ ನಂತರವೇ ಬರುತ್ತೆ.

ಪ್ರಶ್ನೆ ನೀವೇ ಕೇಳಬೇಕು ಅಂತಲೂ ಇಲ್ಲ. ಸಾಮಾನ್ಯ ಜನರ ಮಾತುಕತೆ ರೆಕಾರ್ಡ್ ಮಾಡಿ ಉಳಿಸುವ ಅಮೆರಿಕದ ಸಂಸ್ಥೆ ಸ್ಟೋರಿಕಾರ್ಪ್ಸ್ 2003ರಲ್ಲಿ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣದಲ್ಲಿ ಒಂದು ಪುಟ್ಟ ಕೋಣೆಯಿಂದ ಶುರುವಾಯಿತು. ಪರಸ್ಪರ ಗೊತ್ತಿರುವ ಇಬ್ಬರು ಸುಮಾರು 40 ನಿಮಿಷ ಮಾತಾಡುತ್ತಾರೆ. ಮೊಮ್ಮಗಳು ಕೇಳಿದರೆ ಅಜ್ಜ ಹೇಳುವುದನ್ನು ಅಪರಿಚಿತರಿಗೆ ಹೇಳಲ್ಲ.

ಒಪ್ಪಿಗೆ ಎರಡು ಸಲ ಬೇಕು. ರೆಕಾರ್ಡ್ ಮಾಡುವ ಮೊದಲು ಒಮ್ಮೆ, ಬರೆದದ್ದನ್ನು ಓದಿ ಹೇಳಿದ ಮೇಲೆ ಇನ್ನೊಮ್ಮೆ. ಮಾತಿನ ಭರದಲ್ಲಿ ಹೇಳಿದ ಮನೆ ಜಗಳ ಊರಿಗೆಲ್ಲ ಗೊತ್ತಾಗುವುದು ಯಾರಿಗೂ ಬೇಡ. ತೆಗೆಯಿರಿ ಅಂದರೆ ತೆಗೆಯಬೇಕು, ಅದೇ ಕತೆಯ ಜೀವಾಳ ಆಗಿದ್ದರೂ.

ಮನುಷ್ಯರಾದರೆ ಬೇಡ ಅನ್ನಬಲ್ಲರು. ಗೂಡು, ಝರಿ, ಅಪರೂಪದ ಗಿಡ ಏನನ್ನಬೇಕು? ಲೊಕೇಶನ್ ಆನ್ ಇದ್ದರೆ ಫೋನು ತೆಗೆದ ಫೋಟೊದೊಳಗೇ ಆ ಜಾಗದ ಅಕ್ಷಾಂಶ, ರೇಖಾಂಶ ಕೂತಿರುತ್ತೆ. ಬೇಟೆಯವರಿಗೆ, ಗಿಡ ಕದಿಯುವವರಿಗೆ ಅಷ್ಟೇ ಸಾಕು. ಒಳ್ಳೇ ಉದ್ದೇಶದ ಗುಂಪೂ ಕಮ್ಮಿ ಅಪಾಯ ಅಲ್ಲ: ಸೆಲ್ಫಿಗೆ ಬಂದವರ ಗದ್ದಲಕ್ಕೆ ಹೆದರಿ ಕೆಲವು ಹಕ್ಕಿಗಳು ಗೂಡನ್ನೇ ಬಿಟ್ಟುಬಿಡುತ್ತವೆ. ಜನ ತಾವು ಕಂಡ ಗಿಡ, ಪ್ರಾಣಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ತಾನಾಗಿಯೇ ಮಸುಕು ಮಾಡುತ್ತೆ. ನಾವು ಅದನ್ನು ಕೈಯಾರೆ ಮಾಡಬೇಕು. ಫೋಟೊದಿಂದ ಲೊಕೇಶನ್ ಅಳಿಸಿ, ಹಿನ್ನೆಲೆಯಲ್ಲಿ ಗುರುತು ಸಿಗುವ ಬಂಡೆ, ಬೋರ್ಡು ಇದ್ದರೆ ಕತ್ತರಿಸಿ. ಗೂಡಿನ ಕತೆಯನ್ನಂತೂ ಮರಿ ಹಾರಿಹೋದ ಮೇಲೆಯೇ ಹಾಕಿ.